ಕತ್ತು ನೋಡುವ ಪಿ.ಟಿ. ಮೇಷ್ಟ್ರು

ಕಳೆದ ತಿಂಗಳು ನಮ್ಮ ಪಿ.ಟಿ. ಮೇಷ್ಟ್ರ ಸೆಂಡ್-ಆಫ್‌ನಲ್ಲಿ ನನಗೂ ಎರಡು ನಿಮಿಷ ಮಾತಾಡಲು ಕೊಟ್ಟಿದ್ದರು. ನಾನು ಕಾನ್ವೆಂಟಿನಲ್ಲಿ ಓದಿದವಳು. ಸಿಸ್ಟರ್‌ಗಳು ಕಲಿಸಿದ ಹಾಗೆ ಪಾಯಿಂಟ್ಸ್ ಮಾಡಿಕೊಂಡು, ಕನ್ನಡಿಯ ಮುಂದೆ ನಿಂತು ರಿಹರ್ಸಲ್ ಮಾಡಿ, ಒಳ್ಳೆಯ ಮೈಸೂರು ಸಿಲ್ಕ್ ಉಟ್ಟು ಹೋಗಿದ್ದೆ. ‘ರೆಸ್ಪೆಕ್ಟೆಡ್ ಗೆಸ್ಟ್ಸ್’ ಅನ್ನುವಷ್ಟರಲ್ಲಿ ಕರೆಂಟ್ ಹೋಯಿತು. ಜನರೇಟರ್ ಕೆಮ್ಮಿ ಕೆಮ್ಮಿ ಶುರುವಾಗುವ ಹೊತ್ತಿಗೆ ನನ್ನ ಎರಡು ನಿಮಿಷ ಮುಗಿದಿತ್ತು. ನಿರೂಪಣೆಯ ಟೀಚರಮ್ಮ ‘ಮೇಡಂ ಅವರ ಅಮೂಲ್ಯ ಮಾತುಗಳಿಗೆ ಧನ್ಯವಾದಗಳು’ ಎಂದು ಹೇಳಿ ಮುಂದಿನವರನ್ನು ಕರೆದರು.

ಆಡದೇ ಉಳಿದ ಮಾತು ಈ ವಯಸ್ಸಿನಲ್ಲಿ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಮೇಷ್ಟ್ರ ಹೆಸರು ಮಾತ್ರ ಬರೆಯುವುದಿಲ್ಲ. ‘ಹೆಸ್ರು ಹಾಕ್ಬುಟ್ರೆ ಹ್ಯಾಂಡ್‌ಪೋಸ್ಟ್ ಸರ್ಕಲ್ಲಲ್ಲಿ ಸಿಕ್ಕೋರೆಲ್ಲ ಟೀ ಕುಡ್ಸಿ ಅಂತಾರೆ ಮಿಸ್’ ಎಂದು ಅವರು ಮೊದಲೇ ನನ್ನ ಬಾಯಿ ಕಟ್ಟಿದ್ದಾರೆ.

ನನ್ನ ಯಜಮಾನರು ವೆಟರ್ನರಿ ಡಾಕ್ಟರು. ಹೆಗ್ಗಡದೇವನಕೋಟೆಗೆ ವರ್ಗವಾಗಿ ಬಂದವರು ಹ್ಯಾಂಡ್‌ಪೋಸ್ಟಿನಲ್ಲಿ ಸೈಟು ಸಿಕ್ಕಿತೆಂದು ಮನೆ ಕಟ್ಟಿಸಿಬಿಟ್ಟರು. ನಾನು ಹುಣಸೂರಿನ ಒಂದು ಪ್ರೈವೇಟ್ ಸ್ಕೂಲಿಗೆ ಬಸ್ಸಿನಲ್ಲಿ ಹೋಗಿಬಂದು ಇಂಗ್ಲಿಷ್ ಹೇಳಿಕೊಟ್ಟೆ. ರಿಟೈರ್ ಆಯಿತು, ಯಜಮಾನರೂ ಹೋದರು. ಮಧ್ಯಾಹ್ನಗಳು ಬಹಳ ಉದ್ದವಾದವು. ಹ್ಯಾಂಡ್‌ಪೋಸ್ಟಿನಿಂದ ಸ್ವಲ್ಪ ಒಳಗಿರುವ ಒಂದು ಹಳ್ಳಿಯ ಸರ್ಕಾರಿ ಶಾಲೆಗೆ ವಾರಕ್ಕೆರಡು ದಿನ ಹೋಗಿ, ಸಂಬಳವಿಲ್ಲದೆ ಇಂಗ್ಲಿಷ್ ಕಲಿಸಲು ಶುರುಮಾಡಿದೆ. ಅಲ್ಲಿ ಮೊದಲ ದಿನವೇ ನನ್ನ ಕ್ಲಾಸಿನ ಹಿಂದಿನ ಕಿಟಕಿಯಲ್ಲಿ ಒಂದು ಮುಖ ಕಂಡಿತು.

ಕಳ್ಳ ಎಂದುಕೊಂಡೆ. ಆದರೆ ಕಳ್ಳರು ಕೊರಳಿಗೆ ವಿಶಲ್ ಹಾಕಿಕೊಂಡು ಬರುವುದಿಲ್ಲವಲ್ಲ.

ಪಿ.ಟಿ. ಮೇಷ್ಟ್ರು ಅಂದರೆ ಗರಡಿಯಾಳು ಎಂದುಕೊಳ್ಳಬೇಡಿ. ಇವರು ಧ್ವಜಸ್ತಂಭದ ಪಕ್ಕದಲ್ಲಿ ನಿಂತರೆ ಯಾವುದಕ್ಕೆ ಹಗ್ಗ ಕಟ್ಟಬೇಕೆಂದು ಅನುಮಾನ ಬರುತ್ತಿತ್ತು. ಮೇಲೆ ಇಸ್ತ್ರಿ ಮಾಡಿದ ತುಂಬುತೋಳಿನ ಶರ್ಟು, ಕೆಳಗೆ ಪಟ್ಟೆಯ ಟ್ರ್ಯಾಕ್ ಪ್ಯಾಂಟು. ಕೊರಳಲ್ಲಿದ್ದ ವಿಶಲ್ಲನ್ನು ಅವರು ಊದಿದ್ದನ್ನು ನಾನು ಕೇಳಿಲ್ಲ. ‘ಊದ್ಬುಟ್ರೆ ಎಲ್ರೂ ನಿಂತ್ಕೋತಾರೆ ಮಿಸ್. ನಿಂತ್ಮೇಲೆ ಏನ್ ನೋಡದು?’ ಅನ್ನುತ್ತಿದ್ದರು.

ಅವರ ಕೆಲಸವೇ ನೋಡುವುದು. ಬಿಡುವಾದಾಗಲೆಲ್ಲ ಒಂದೊಂದು ಕ್ಲಾಸಿನ ಹಿಂದಿನ ಕಿಟಕಿಗೆ ಹೋಗಿ ನಿಲ್ಲುವುದು. ಅಲ್ಲಿಂದ ಮಕ್ಕಳ ಬೆನ್ನು ಬಿಟ್ಟು ಇನ್ನೇನು ಕಾಣುತ್ತದೆ ಎಂದು ನಾನು ಒಮ್ಮೆ ಕೇಳಿದೆ.

‘ಬೆನ್ನಲ್ಲ ಮಿಸ್, ಕತ್ತು. ಮಕ್ಳು ಮೊಕಾನ ನಿಮಗೆ ತೋರ್ಸಕ್ಕೆ ಅಂತ ರೆಡಿ ಮಾಡ್ಕಂಡು ಕುಂತಿರ್ತವೆ. ಕತ್ತಿಗೆ ಆಕ್ಟಿಂಗ್ ಬರಾಕಿಲ್ಲ. ಅರ್ಥ ಆಯ್ತಿದ್ರೆ ಒಂತರ ನಿಂತಿರ್ತದೆ, ಆಗ್ದೆ ಇದ್ರೆ ಇನ್ನೊಂತರ. ಆವಾಗ್ಲೇ ಅರ್ಥ ಆಗೋಗಿ ಮೇಷ್ಟ್ರು ಯಾವಾಗ ಮುಗಿಸ್ತಾರೋ ಅಂತ ಕುಂತಿರೋ ಕತ್ತು ಐತಲ್ಲ, ಅದು ಬ್ಯಾರೇನೇಯ.’

ಇದು ಖೋ-ಖೋದಿಂದ ಬಂದ ಬುದ್ಧಿ. ಅವರು ಇಡೀ ತಾಲ್ಲೂಕಿಗೆ ಖೋ-ಖೋ ಮೇಷ್ಟ್ರು. ಕಾನ್ವೆಂಟಿನಲ್ಲಿ ಥ್ರೋಬಾಲ್ ಮಾತ್ರ ಆಡಿದ್ದ ನನಗೆ ಅವರೇ ಆಟ ಬಿಡಿಸಿ ಹೇಳಿದ್ದು. ಹಿಡಿಯುವ ತಂಡದವರು ಸಾಲಾಗಿ, ಒಬ್ಬರು ಆ ಕಡೆ ಒಬ್ಬರು ಈ ಕಡೆ ಮುಖಮಾಡಿ ಕುಳಿತಿರುತ್ತಾರೆ. ಓಡುತ್ತಿರುವವನು ಬಂದು ಬೆನ್ನಿನ ಮೇಲೆ ತಟ್ಟಿ ‘ಖೋ’ ಅನ್ನುವವರೆಗೆ ಏಳುವಂತಿಲ್ಲ. ತಟ್ಟಿಸಿಕೊಂಡವನು ಎದ್ದು ಓಡಬೇಕು, ತಟ್ಟಿದವನು ಅವನ ಜಾಗದಲ್ಲಿ ಕೂರಬೇಕು. ಎದ್ದವನು ಒಂದು ಕಡೆಗೆ ತಿರುಗಿದನೆಂದರೆ ಕಂಬ ಮುಟ್ಟುವವರೆಗೆ ಹಿಂದಕ್ಕೆ ತಿರುಗುವಂತಿಲ್ಲ. ಇಷ್ಟೇ ಆಟ. ಇದರಲ್ಲಿ ಪ್ರಪಂಚವೆಲ್ಲ ಇದೆ ಎಂದು ಮೇಷ್ಟ್ರ ನಂಬಿಕೆ.

ಅವರು ಹೀಗೆ ಕಿಟಕಿ ಹಿಡಿಯಲು ಕಾರಣ ಒಂದು ಟ್ರೈನಿಂಗು. ಮೈಸೂರಿನಲ್ಲಿ ಗಿಫ್ಟೆಡ್ ಚಿಲ್ಡ್ರನ್ ಬಗ್ಗೆ ತರಬೇತಿ, ಒಬ್ಬ ಶಿಕ್ಷಕರನ್ನು ಕಳಿಸಿ ಎಂದು ಆರ್ಡರ್ ಬಂದಿತ್ತು. ನಮ್ಮ ಹೆಡ್‌ಮಾಸ್ಟರು ಕೆಟ್ಟವರಲ್ಲ, ಆದರೆ ಯಾವಾಗಲೂ ಆಳಿನ ಬರ. ಇದ್ದ ಕೆಲವೇ ಮೇಷ್ಟ್ರುಗಳಲ್ಲಿ ಒಬ್ಬರು ಜನಗಣತಿ, ಇನ್ನೊಬ್ಬರು ಎಲೆಕ್ಷನ್ ಡ್ಯೂಟಿ ಎಂದು ಸದಾ ಹೊರಗೆ. ಪಾಠ ನಿಲ್ಲದ ಹಾಗೆ ಕಳಿಸಬಹುದಾದ ಏಕೈಕ ಪ್ರಾಣಿ ಪಿ.ಟಿ. ಮೇಷ್ಟ್ರು. ಬುದ್ಧಿವಂತ ಮಕ್ಕಳ ವಿಚಾರ ತಿಳಿದು ಬರಲು ಹೋದವರು ಒಂದು ಫೈಲು, ಒಂದು ಪೆನ್ನು, ಒಂದು ವಾಕ್ಯದೊಂದಿಗೆ ವಾಪಸಾದರು. ಫೈಲನ್ನು ಹೆಡ್‌ಮಾಸ್ಟರು ಇಟ್ಟುಕೊಂಡರು, ಪೆನ್ನು ಬರೆಯಲಿಲ್ಲ. ವಾಕ್ಯ ಹೀಗಿತ್ತು: ‘ಜಾಣ ಮಗೀನಿಂದ ಮೇಷ್ಟ್ರಿಗೆ ಸಂತೋಸ. ಗಿಫ್ಟ್ ಮಗೀನಿಂದ ಮೇಷ್ಟ್ರಿಗೆ ತಲೆನೋವು.’

ಅಂದಿನಿಂದ ಅವರು ಸ್ಟಾಫ್ ರೂಮಿನಲ್ಲಿ ತಲೆನೋವುಗಳನ್ನು ವಿಚಾರಿಸತೊಡಗಿದರು. ‘ಫಸ್ಟ್ ಬಂದೋರ್ ಬ್ಯಾಡಿ ಸಾರ್. ನಿಮ್ಮ ಪ್ರಾಣ ತಿನ್ನೋರು ಯಾರವ್ರೆ, ಅದ ಯೋಳಿ.’

ಫ್ರಾಂಕ್ಲಿ, ಅವರ ಆಯ್ಕೆಗಳು ಹೆಚ್ಚಾಗಿ ತಪ್ಪಿದವು. ಸದಾ ಕಿಟಕಿಯಾಚೆ ನೋಡುತ್ತಿದ್ದ ಒಬ್ಬ ಹುಡುಗನನ್ನು ‘ಥಿಂಕರ್ ಕಣ್ ಮಿಸ್, ಗ್ಯಾರಂಟಿ’ ಎಂದು ನನ್ನ ಹತ್ತಿರ ಕರೆತಂದರು. ನನ್ನ ಕನ್ನಡಕ ಅವನ ಮೂಗಿಗಿಟ್ಟು ನೋಡಿದೆ. ಅವನು ಬೋರ್ಡಿನ ಕಡೆ ತಿರುಗಿ, ‘ಅಲ್ಲಿ ಬರೆದಿರ್ತಾರಾ ಮಿಸ್?’ ಎಂದ. ಪಾಪ, ಅಷ್ಟು ದಿನವೂ ಅವನಿಗೆ ಬೋರ್ಡೇ ಕಂಡಿರಲಿಲ್ಲ. ಇನ್ನೊಬ್ಬ ಶಾಲೆಯ ನೀರಿನ ಮೋಟರನ್ನು ಊಟದ ಬಿಡುವಿನಲ್ಲಿ ಪೂರ್ತಿ ಬಿಚ್ಚಿದ. ಮೇಷ್ಟ್ರು ಹೆಡ್‌ಮಾಸ್ಟರಿಗೆ ಅಡ್ಡ ನಿಂತು, ಹೊಡೆಯಬೇಡಿ, ಇವನು ಗಿಫ್ಟು, ಜೋಡಿಸಲು ಟೈಮ್ ಕೊಡಿ ಎಂದರು. ಹುಡುಗ ಜೋಡಿಸಲೇ ಇಲ್ಲ. ಅಡುಗೆಯವರು ವಾರವಿಡೀ ಬೋರ್‌ವೆಲ್ಲಿನಿಂದ ಕೊಡಪಾನದಲ್ಲಿ ನೀರು ಹೊತ್ತು ಮೇಷ್ಟ್ರಿಗೆ ಶಾಪ ಹಾಕಿದರು. ಅವನೀಗ ಹ್ಯಾಂಡ್‌ಪೋಸ್ಟಿನಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ನನ್ನ ಹಳೆಯ ಫೋನನ್ನು ಕೊಟ್ಟು ಬಹಳ ಕಾಲವಾಯಿತು. ಬಿಚ್ಚುವುದರಲ್ಲಿ ಈಗಲೂ ಗಿಫ್ಟೆಡ್.

ಭೂಮಿಕಾಳ ವಿಷಯ ಮಾತ್ರ ಬೇರೆ.

ಭೂಮಿಕಾ ಆಗ ಏಳನೇ ಕ್ಲಾಸು. ಅಪ್ಪ ಶಿವಣ್ಣನವರು ಹೊಗೆಸೊಪ್ಪಿನ ಬೇಸಾಯಗಾರರು. ಹುಡುಗಿ ಯಾರಿಗೂ ತಲೆನೋವಾಗಿರಲಿಲ್ಲ, ಬದಲಿಗೆ ಎಲ್ಲರ ತಲೆನೋವಿಗೂ ಅವಳೇ ಅಮೃತಾಂಜನ. ಪಾಠ ಒಮ್ಮೆ ಕೇಳಿದರೆ ಸಾಕು. ಹಾಗಾಗಿ ಹೆಡ್‌ಮಾಸ್ಟರು ಅವಳನ್ನು ಸ್ಕೂಲ್ ಲೀಡರ್ ಮಾಡಿದರು. ಬೆಲ್ ಹೊಡೆಯುವುದು, ಚಿಕ್ಕ ಮಕ್ಕಳ ಕಾಪಿ ತಿದ್ದುವುದು, ಆಮೇಲೆ ಮೂರನೇ ಕ್ಲಾಸಿನ ಮೇಷ್ಟ್ರು ಡ್ಯೂಟಿಗೆ ಹೋದಾಗ ಆ ಕ್ಲಾಸನ್ನೇ ನೋಡಿಕೊಳ್ಳುವುದು. ಆ ಮೇಷ್ಟ್ರು ಸದಾ ಡ್ಯೂಟಿಯಲ್ಲಿದ್ದುದರಿಂದ ಮೂರನೇ ಕ್ಲಾಸು ಹೆಚ್ಚುಕಡಿಮೆ ಅವಳದ್ದೇ ಆಯಿತು. ನಮ್ಮ ಕಡೆ ಮಗು ಜಾಣೆ ಎಂದು ಗೊತ್ತಾದ ಕೂಡಲೇ ನಾವು ಮಾಡುವುದು ಇದನ್ನೇ: ಅದಕ್ಕೆ ಪಾಠ ನಿಲ್ಲಿಸಿ, ಪಾಠ ಮಾಡಲು ಹಚ್ಚುತ್ತೇವೆ. ಊರಿಗೆಲ್ಲ ಹೆಮ್ಮೆ. ಶಿವಣ್ಣನವರು ಟೀ ಅಂಗಡಿಯಲ್ಲಿ ‘ನನ್ ಮಗ್ಳು ಈಗ್ಲೇ ಟೀಚರ್ ಕಣ್ಲಾ’ ಅನ್ನುತ್ತಿದ್ದರು.

ಪಿ.ಟಿ. ಮೇಷ್ಟ್ರಿಗೆ ಮಾತ್ರ ಸಮಾಧಾನವಿರಲಿಲ್ಲ. ‘ಅವಳ ಕತ್ತ ನೋಡಿದ್ರಾ ಮಿಸ್? ಖೋ-ಖೋ ಸಾಲಲ್ಲಿ ಕುಂತವ್ಳೆ. ಯಾರೂ ಖೋ ಕೊಡ್ತಾ ಇಲ್ಲ. ಎಷ್ಟೊತ್ತು ಅಂತ ಕುಂತಾಳು? ಏನಾರ ಒಂದು ಮಾಡ್ತಾಳೆ, ನೋಡ್ತಾ ಇರಿ.’

ಅವಳು ಏನು ಮಾಡಿದಳೆಂಬುದು ಇನ್‌ಸ್ಪೆಕ್ಷನ್ ದಿನ ಗೊತ್ತಾಯಿತು. ತಾಲ್ಲೂಕಿನಿಂದ ಬಂದ ಆಫೀಸರು ಮೂರನೇ ಕ್ಲಾಸಿಗೆ ಹೋಗಿ, ಮಕ್ಕಳು ಹೆದರದಿರಲೆಂದು ಸುಲಭದ್ದನ್ನೇ ಕೇಳಿದರು.

‘ಏಳು ಆದಮೇಲೆ ಎಷ್ಟು ಮಕ್ಕಳೇ?’

‘ಹತ್ತು ಸಾ’ ಎಂದು ಇಡೀ ಕ್ಲಾಸು ಒಂದೇ ಕಂಠದಲ್ಲಿ ಹೇಳಿತು.

ಆಫೀಸರು ನಕ್ಕು, ‘ನಾಲ್ಕೂ ನಾಲ್ಕೂ?’ ಎಂದರು.

‘ಹತ್ತು ಸಾ.’

‘ಐದೈದಲಿ?’

‘ಮೂವತ್ತೊಂದು ಸಾ.’ ಒಂದು ಮಗುವೂ ತಡವರಿಸಲಿಲ್ಲ.

ಆಫೀಸರು ಮುಂದಿನ ಬೆಂಚಿನ ಪುಟ್ಟ ಹುಡುಗಿಯ ಹತ್ತಿರ ಬಗ್ಗಿ, ‘ಎಂಟು, ಒಂಬತ್ತು ಎಲ್ಲಿಗೆ ಹೋದವಮ್ಮ?’ ಎಂದು ಕೇಳಿದರು. ಅವಳು ಗಂಭೀರವಾಗಿ ಎದ್ದು ನಿಂತು ಹೇಳಿದಳು: ‘ಎಲೆಕ್ಷನ್ ಡ್ಯೂಟಿಗೋಗವೆ ಸಾ.’

ಆಫೀಸರು ಮುಂದಿನ ವಾರ ಮತ್ತೆ ಬರುತ್ತೇನೆ, ವಿವರಣೆ ಬೇಕು ಎಂದು ಜೀಪು ಹತ್ತಿದರು. ಹೆಡ್‌ಮಾಸ್ಟರು ಭೂಮಿಕಾಳನ್ನು ಕರೆದು ಏನೇ ಇದು ಎಂದು ಕೇಳಿದರು. ಹುಡುಗಿ ನೆಲ ನೋಡುತ್ತ ನಿಂತಳೇ ಹೊರತು ಬಾಯಿ ಬಿಡಲಿಲ್ಲ. ‘ಒಂದು ಕ್ಲಾಸನ್ನೇ ಹಾಳು ಮಾಡಿದಾಳೆ. ಇವಳಪ್ಪನ್ನ ಕರೆಸಿ ಟಿ.ಸಿ. ಕೊಟ್ಬಿಡ್ತೀನಿ’ ಎಂದರು. ಟಿ.ಸಿ. ಕೊಟ್ಟರೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತು. ಬೇರೆ ಶಾಲೆ ದೂರ. ಸೊಪ್ಪು ಮುರಿಯುವ ಕಾಲ ಬೇರೆ. ಹುಡುಗಿ ಸೊಪ್ಪು ಹದಮಾಡುವ ಬ್ಯಾರನ್ ಮುಂದೆ ಕುಳಿತು ಕಡ್ಡಿಗೆ ಹೊಗೆಸೊಪ್ಪು ಕಟ್ಟಲು ಶುರುಮಾಡಿದರೆ ಮತ್ತೆ ಏಳುವುದಿಲ್ಲ.

ಅಂದು ಸಂಜೆ ಮೇಷ್ಟ್ರು ನನ್ನ ಮನೆಯ ಗೇಟಿಗೆ ಬಂದರು. ಒಳಗೆ ಬರಲಿಲ್ಲ, ಕಾಫಿ ಕೇಳಲಿಲ್ಲ.

‘ಮಿಸ್, ನಂಗೆ ಲೆಕ್ಕ ಬರಾಕಿಲ್ಲ. ಆದ್ರೆ ಒಂದ್ ಮಾತು. ಒಂದ್ ಮಗ ತಪ್ಪು ಯೋಳಿದ್ರೆ ತಪ್ಪು. ಇಡೀ ಕ್ಲಾಸು ಒಂದೇ ತಪ್ಪ ಒಂದೇ ಸ್ಪೀಡಲ್ಲಿ ಯೋಳಿದ್ರೆ ಅದು ತಪ್ಪಲ್ಲ, ಕೋಚಿಂಗು. ಒಳಗೆ ಏನೋ ಐತೆ. ಏನು ಅಂತ ನೀವ್ ಕಂಡುಹಿಡೀರಿ.’

ನಾನು ಇಂಗ್ಲಿಷ್ ಟೀಚರು. ಸಿಸ್ಟರ್‌ಗಳು ನನಗೆ ಅರಿತ್‌ಮೆಟಿಕ್‌ನಲ್ಲಿ ಕೊಟ್ಟ ಅತಿದೊಡ್ಡ ಪ್ರಶಂಸೆ ‘ನೀಟ್ ಹ್ಯಾಂಡ್‌ರೈಟಿಂಗ್’. ಹಾಗೆಂದು ಹೇಳಿ ಮುಗಿಸುವಷ್ಟರಲ್ಲಿ ಮೇಷ್ಟ್ರು ಗೇಟಿನ ಮೇಲಿಂದ ಕೈ ಚಾಚಿ, ನನ್ನ ಭುಜದ ಹತ್ತಿರ ಗಾಳಿಯನ್ನು ಮೆಲ್ಲಗೆ ತಟ್ಟಿ ‘ಖೋ’ ಅಂದು ಹೊರಟೇಹೋದರು. ಮುಟ್ಟಲಿಲ್ಲ, ಮರ್ಯಾದಸ್ತರು.

ಮೈಸೂರಿನಲ್ಲಿ ನನ್ನ ಕಾನ್ವೆಂಟಿನ ಕ್ಲಾಸ್‌ಮೇಟ್ ಇದ್ದಳು, ಮ್ಯಾಥ್ಸ್ ಲೆಕ್ಚರರ್ ಆಗಿ ರಿಟೈರ್ ಆದವಳು. ಸ್ಕೂಲಿನಲ್ಲಿ ನನಗೆ ಕಾಪಿ ಮಾಡಲು ಬಿಡದಿದ್ದ ಜಂಬಗಾತಿ. ಫೋನು ಮಾಡಿ ನಡೆದದ್ದೆಲ್ಲ ಹೇಳಿದೆ. ‘ಐದೈದಲಿ ಮೂವತ್ತೊಂದು ಅಂದ್ರಾ? ಆರ್ ಯು ಶ್ಯೂರ್?’ ಅಂದಳು. ಆಮೇಲೆ ನನ್ನ ಜೀವಮಾನದಲ್ಲಿ ಮೊದಲ ಸಲ ಅವಳ ದನಿ ಮೆತ್ತಗಾಯಿತು. ‘ಮೈ ಡಿಯರ್, ಆ ಮಗು ಹತ್ತರ ಬದಲು ಎಂಟನ್ನ ಕಟ್ಟು ಮಾಡಿಕೊಂಡು ಎಣಿಸ್ತಿದೆ. ಇಪ್ಪತ್ತೈದರಲ್ಲಿ ಮೂರು ಎಂಟು, ಮೇಲೊಂದು, ಅದಕ್ಕೇ ಮೂವತ್ತೊಂದು. ಎಲ್ಲವೂ ಸರಿಯಾಗಿದೆ. ಇದನ್ನ ನಾನು ಡಿಗ್ರಿ ಹುಡುಗರಿಗೆ ಹೇಳಿಕೊಡ್ತಿದ್ದೆ. ಅವರಿಗೆ ಅರ್ಥ ಆಗ್ತಿರಲಿಲ್ಲ.’

ಮೇಷ್ಟ್ರಿಗೆ ಇದನ್ನು ಹೇಳಿದಾಗ ಅವರು ಪೂರ್ತಿ ಕೇಳಲೇ ಇಲ್ಲ. ‘ಸರಿಯಾಗೈತೆ ತಾನೆ? ಅಷ್ಟ್ ಸಾಕು ಬುಡಿ’ ಎಂದು ಹೆಡ್‌ಮಾಸ್ಟರ ರೂಮಿಗೆ ನಡೆದರು.

‘ಸಾರ್, ಟಿ.ಸಿ. ಕೊಡಂಗಿದ್ರೆ ನಮಗೆ ಕೊಡ್ಬೇಕು. ಓದಕ್ಕೆ ಬಂದ ಹುಡ್ಗೀನ ಟೀಚರ್ ಮಾಡ್ದೋರು ನಾವು. ಆಫೀಸರು ಬರಗಂಟ ತಡೀರಿ. ಅವಳೇ ಯೋಳ್ಲಿ.’

‘ಹೇಳಕ್ಕೆ ಆಗ್ದೆ ಇದ್ರೆ?’

‘ಆಗ್ದೆ ಇದ್ರೆ ನಾನೇ ಡ್ರಿಲ್ ಮಾಡಿಸ್ದಂಗೆ ಮೂರನೇ ಕ್ಲಾಸಿಗೆ ಎಂಟು ಒಂಬತ್ತು ಬಾಯ್ಪಾಟ ಮಾಡಿಸ್ತೀನಿ.’

ಆಫೀಸರು ಬಂದರು. ಭೂಮಿಕಾಳನ್ನು ಕರೆಸಿದರು. ಮೇಷ್ಟ್ರು ಎಂದಿನಂತೆ ಕಿಟಕಿಯ ಹೊರಗೆ, ಅವಳ ಕತ್ತಿನ ನೇರಕ್ಕೆ ನಿಂತರು. ನಾನು ಹೆಡ್‌ಮಾಸ್ಟರ ಪಕ್ಕದ ಸ್ಟೂಲಿನಲ್ಲಿದ್ದೆ. ಕೈಯಲ್ಲಿ ಜಪಸರವಿರಲಿಲ್ಲ, ಆದರೂ ಬೆರಳುಗಳು ತಿರುಗುತ್ತಿದ್ದವು.

‘ಎಂಟು, ಒಂಬತ್ತು ಯಾಕೆ ಬಿಟ್ಟೆ?’ ಎಂದು ಆಫೀಸರು ಕೇಳಿದರು.

ಹುಡುಗಿ ಮೊದಲು ತನ್ನ ಕೈ ನೋಡಿಕೊಂಡಳು. ಆಮೇಲೆ, ‘ಸಾ, ನಿಮ್ಮ ಬೆರಳ ಎಣಿಸಿ’ ಎಂದಳು.

ಆಫೀಸರು ನಮ್ಮೆಲ್ಲರ ಹಾಗೆ ಹೆಬ್ಬೆರಳಿನಿಂದ ಒಂದೊಂದೇ ಬೆರಳು ಮುಟ್ಟುತ್ತ ಎಣಿಸಿದರು. ಒಂದು ಕೈಯಲ್ಲಿ ನಾಲ್ಕು, ಇನ್ನೊಂದರಲ್ಲಿ ನಾಲ್ಕು. ಅಲ್ಲಿಗೆ ಬೆರಳು ಮುಗಿದವು. ಅವರು ತಮ್ಮ ಕೈಯನ್ನು ಯಾರದ್ದೋ ಎಂಬಂತೆ ನೋಡಿಕೊಂಡರು.

‘ಹೆಬ್ಬೆರಳು?’

‘ಅದು ಎಣಿಸ್ತಾ ಐತಲ್ಲ ಸಾ. ಎಣಿಸೋರು ಲೆಕ್ಕಕ್ಕೆ ಬರಾಕಿಲ್ಲ. ಹಾಜರಿ ಕೂಗೋವಾಗ ಮೇಷ್ಟ್ರು ತಮ್ ಹೆಸ್ರ ಕೂಗ್ತಾರಾ?’

ಅವಳು ಧೈರ್ಯ ತಂದುಕೊಂಡು ಮುಂದುವರಿಸಿದಳು. ‘ಎಲ್ರೂ ಹತ್ತು ಹತ್ತಾಗಿ ಎಣಿಸ್ತಾರೆ. ಹಿಂಗೆ ಎಂಟು ಬೆರಳಿಗೇ ಎರಡು ಕೈ ತುಂಬ್ತು, ಅದೇ ಹತ್ತು ಅಂದ್ಕೊಂಡ್ರೂ ಎಲ್ಲ ನಡೀತದೆ ಸಾ. ಕೂಡದು, ಕಳೆಯದು, ಮಗ್ಗಿ ಎಲ್ಲ. ನಡೀತದಾ ಇಲ್ವಾ ಅಂತ ನೋಡ್ತಾ ಇದ್ದೆ. ಅಂಗ್ಡಿಗೆ ಹೋದಾಗ ಮಾತ್ರ ಈ ಲೆಕ್ಕ ಹೇಳ್ಬೇಡಿ ಅಂತ ಅವುಕ್ಕೆ ಹೇಳಿದ್ದೀನಿ.’

‘ಇದನ್ನೆಲ್ಲ ಯಾಕಮ್ಮ ಮಾಡಿದೆ?’

‘ಬೇಜಾರಾಗಿತ್ತು ಸಾ.’

ಅದನ್ನು ಅವಳು ತಪ್ಪೊಪ್ಪಿಗೆಯಂತೆ, ಬಹಳ ಸಣ್ಣ ದನಿಯಲ್ಲಿ ಹೇಳಿದಳು. ಕಿಟಕಿಯಾಚೆ ಮೇಷ್ಟ್ರು ಶರ್ಟಿನ ತೋಳಿನಿಂದ ಮುಖ ಒರೆಸಿಕೊಂಡರು, ಸೆಖೆಗೋ ಏನೋ.

ಆಫೀಸರು ಎದ್ದರು. ‘ಹೆಡ್‌ಮಾಸ್ಟ್ರೇ, ಎಂಟು ಒಂಬತ್ತನ್ನ ಡ್ಯೂಟಿಯಿಂದ ವಾಪಸ್ ಕರೆಸಿ. ಈ ಹುಡುಗಿಯನ್ನ ಡ್ಯೂಟಿಯಿಂದ ರಿಲೀವ್ ಮಾಡಿ’ ಎಂದರು. ಟಿ.ಸಿ. ಮಾತು ಅಲ್ಲಿಗೆ ನಿಂತಿತು.

‘ಹಂಗಾದ್ರೆ ಮೂರನೇ ಕ್ಲಾಸು ಯಾರು ನೋಡೋದು?’ ಎಂದು ಹೆಡ್‌ಮಾಸ್ಟರು ಅಳುದನಿಯಲ್ಲಿ ಕೇಳಿದರು.

‘ನಾನು’ ಎಂದಿತು ಕಿಟಕಿ.

ಇಷ್ಟಕ್ಕೇ ಮುಗಿಯಲಿಲ್ಲ. ಹುಡುಗಿಗೆ ಯಾರಾದರೂ ಕಲಿಸಬೇಕಿತ್ತಲ್ಲ. ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ನನ್ನ ಮನೆಗೆ ಕರೆತರುವುದು, ನನ್ನ ಕ್ಲಾಸ್‌ಮೇಟ್ ಮೈಸೂರಿನಿಂದ ವಿಡಿಯೋ ಕಾಲ್‌ನಲ್ಲಿ ಪಾಠ ಮಾಡುವುದು ಎಂದು ಗೊತ್ತುಮಾಡಿಕೊಂಡೆವು. ಶಿವಣ್ಣನವರು ಒಪ್ಪಲಿಲ್ಲ.

‘ಶನಿವಾರ ಮಧ್ಯಾಹ್ನ ಸೊಪ್ಪು ಕಟ್ಟೋರು ಯಾರು ಸಾ? ಕೂಲಿಯೋರು ಸಿಕ್ತಾ ಇಲ್ಲ.’

‘ಅವಳ ಬದ್ಲು ನಾನು ಕಟ್ಕೊಡ್ತೀನಿ ಬುಡಿ ಶಿವಣ್ಣೋರೆ’ ಎಂದರು ಮೇಷ್ಟ್ರು.

ನಿಜವಾಗಿಯೂ ಹೋದರು. ಇಸ್ತ್ರಿ ಶರ್ಟಿನ ತೋಳು ಮಡಿಚಿ, ಬ್ಯಾರನ್ ಮುಂದೆ ಹೆಂಗಸರ ಸಾಲಿನಲ್ಲಿ ಕುಳಿತು ಕಡ್ಡಿಗೆ ಸೊಪ್ಪು ಕಟ್ಟಿದರು. ಅವರು ಕಟ್ಟಿದ ಕಡ್ಡಿಗಳನ್ನು ಒಳಗೆ ಏರಿಸಿ ಬೆಂಕಿ ಹಾಕಿದ ಮೇಲೆ ಸೊಪ್ಪು ಒಂದೊಂದಾಗಿ ಜಾರಿ ನೆಲಕ್ಕೆ ಬಿತ್ತು. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರಂತೆ. ಎರಡನೆಯ ಶನಿವಾರ ಮತ್ತೆ ಹೋದರು. ಮೂರನೆಯ ಶನಿವಾರ ಶಿವಣ್ಣನವರೇ ಮಗಳನ್ನು ಬೈಕಿನಲ್ಲಿ ನನ್ನ ಮನೆಗೆ ತಂದುಬಿಟ್ಟು ಕೈ ಮುಗಿದರು. ‘ಅಮ್ಮಾರೆ, ಮಗಳ್ನ ಎಷ್ಟೊತ್ತಾದ್ರೂ ಇಟ್ಕಳಿ. ಆ ಮೇಷ್ಟ್ರು ಮಾತ್ರ ನಮ್ಮ ಬ್ಯಾರನ್ ಕಡೆ ಬರ್ದಂಗೆ ನೋಡ್ಕಳಿ.’

ಅಲ್ಲಿಂದ ಹೈಸ್ಕೂಲು ಮುಗಿಯುವವರೆಗೆ ಪ್ರತಿ ಶನಿವಾರ ನನ್ನ ಮನೆಯಲ್ಲಿ ಕ್ಲಾಸು. ಫೋನಿನೊಳಗಿಂದ ನನ್ನ ಜಂಬದ ಗೆಳತಿ, ಫೋನಿನ ಮುಂದೆ ಹುಡುಗಿ, ಫೋನು ಬೀಳದ ಹಾಗೆ ಅದಕ್ಕೆ ಡಿಕ್ಷನರಿ ಒರಗಿಸಿ ಕಾಫಿ ಮಾಡುವವಳು ನಾನು. ಮೇಷ್ಟ್ರು ವೆರಾಂಡದ ಬೆತ್ತದ ಕುರ್ಚಿಯಲ್ಲಿ ಕುಳಿತು ಐದು ನಿಮಿಷ ಅವಳ ಕತ್ತು ನೋಡುತ್ತಿದ್ದರು. ಆಮೇಲೆ ತೃಪ್ತಿಯಿಂದ ನಿದ್ದೆ ಹೋಗುತ್ತಿದ್ದರು. ಒಂದೊಂದು ಸಲ ಹುಡುಗಿ ಪ್ರಶ್ನೆ ಕೇಳಿದಾಗ ಗೆಳತಿ ‘ವೇಟ್, ಲೆಟ್ ಮಿ ಥಿಂಕ್’ ಅನ್ನುತ್ತಿದ್ದಳು. ಆ ಮಾತನ್ನು ಅವಳ ಬಾಯಲ್ಲಿ ಕೇಳಲು ನಾನು ಎಷ್ಟು ವರ್ಷ ಕಾದಿದ್ದೆ. ಆ ಶನಿವಾರಗಳು ಈಗ ಇಲ್ಲ. ಗೆಳತಿಯೂ ಹೋದಳು. ಬೆತ್ತದ ಕುರ್ಚಿ ಅಲ್ಲೇ ಇದೆ.

ಸೆಂಡ್-ಆಫ್ ವಿಷಯಕ್ಕೆ ಬರುತ್ತೇನೆ. ಕರೆಂಟು ಬಂದ ಮೇಲೆ ಮಾತಾಡಿದವರೆಲ್ಲ ಮೇಷ್ಟ್ರ ಕಪ್ಪುಗಳು, ಶೀಲ್ಡುಗಳ ವಿಚಾರ ಹೇಳಿದರು. ಮಕ್ಕಳ ಕತ್ತಿನ ಸುದ್ದಿಯನ್ನು ಯಾರೂ ಎತ್ತಲಿಲ್ಲ. ಮೇಷ್ಟ್ರು ಮೈಸೂರು ಪೇಟ ಹಾಕಿಕೊಂಡು, ಶಾಲು ಹೊದ್ದು, ತೊಡೆಯ ಮೇಲೆ ಹಣ್ಣಿನ ಬುಟ್ಟಿಯಿಟ್ಟುಕೊಂಡು, ಯಾರೋ ಒತ್ತೆಯಿಟ್ಟ ಹಾಗೆ ಕುಳಿತಿದ್ದರು. ಆಮೇಲೆ ಹಳೆಯ ವಿದ್ಯಾರ್ಥಿಗಳ ಪರವಾಗಿ ಎಂದು ಭೂಮಿಕಾಳನ್ನು ಕರೆದರು. ಅವಳೀಗ ಮೈಸೂರಿನಲ್ಲಿ ಗಣಿತದಲ್ಲಿ ಡಿಗ್ರಿ ಮಾಡುತ್ತಿದ್ದಾಳೆ. ಶನಿವಾರ ಶನಿವಾರ ಬಸ್ಸು ಹಿಡಿದು ಬಂದು ಇದೇ ಶಾಲೆಯ ಮಕ್ಕಳ ಜೊತೆ ಕೂರುತ್ತಾಳೆ. ಪಾಠ ಮಾಡುವುದಕ್ಕಲ್ಲ, ಯಾರಿಗೆ ಬೇಜಾರಾಗಿದೆ ಎಂದು ನೋಡುವುದಕ್ಕೆ.

ಅವಳು ಮೈಕಿನ ಹತ್ತಿರ ಹೋಗಲಿಲ್ಲ. ನೇರವಾಗಿ ಕುರ್ಚಿಗಳ ಹಿಂದಿನಿಂದ ನಡೆದು ಬಂದು ಮೇಷ್ಟ್ರ ಬೆನ್ನ ಮೇಲೆ ಪಟ್ಟನೆ ತಟ್ಟಿದಳು.

‘ಖೋ.’

ಇಷ್ಟು ವರ್ಷಗಳ ಅಭ್ಯಾಸ. ಮೇಷ್ಟ್ರು ಚಂಗನೆ ಎದ್ದುಬಿಟ್ಟರು. ಪೇಟ ಒಂದು ಕಡೆ, ಶಾಲು ಒಂದು ಕಡೆ. ಮೂಸಂಬಿಗಳು ವೇದಿಕೆಯಿಂದ ಉರುಳಿ ಮೂರನೇ ಕ್ಲಾಸಿನ ಮಕ್ಕಳ ನಡುವೆ ಮಾಯವಾದವು. ತಿರುಗಿ ನೋಡುವಷ್ಟರಲ್ಲಿ ಭೂಮಿಕಾ ಅವರ ಕುರ್ಚಿಯಲ್ಲಿ ಕುಳಿತಿದ್ದಳು.

‘ಏಯ್, ನನ್ ಜಾಗ ಕಣವ್ವ ಅದು’ ಎಂದರು ಮೇಷ್ಟ್ರು.

‘ಕೊಟ್ಟೋರು ಕೂರ್ಬೇಕು ಅಂತ ನೀವೇ ಅಲ್ವಾ ಸಾ ಹೇಳ್ಕೊಟ್ಟಿದ್ದು.’

‘ನಾನ್ ಯಾ ಕಡೆ ಹೋಗ್ಲಿ ಈಗ?’

‘ತಿರುಗಿರೋ ಕಡೆ ಹೋಗಿ ಸಾ. ವಾಪಸ್ ತಿರುಗಂಗಿಲ್ಲ.’

ಮೇಷ್ಟ್ರು ಒಂದು ಕ್ಷಣ ನಿಂತರು, ವಿಶಲ್ಲನ್ನು ಮುಟ್ಟಿಕೊಂಡರು, ಊದಲಿಲ್ಲ. ಮೆಟ್ಟಿಲಿಳಿದು ಮುಂದಿನ ಸಾಲಿನ ಗಣ್ಯರನ್ನು ದಾಟಿ, ನನ್ನನ್ನು ದಾಟಿ, ಶಾಮಿಯಾನದ ಕೊನೆಯವರೆಗೂ ನಡೆದು ಹೋದರು. ಅಲ್ಲಿ ಕಂಬವೊಂದನ್ನು ಕೈಯಿಂದ ಮುಟ್ಟಿ ಆಮೇಲೆ ತಿರುಗಿದರು.

ಭಾಷಣಗಳು ಮುಂದುವರಿದವು. ನಾನು ಹಿಂದಕ್ಕೆ ತಿರುಗಿ ನೋಡಿದೆ. ಮೇಷ್ಟ್ರು ಆ ಕಂಬಕ್ಕೆ ಒರಗಿ ನಿಂತು, ಸಾಲಾಗಿ ಕುಳಿತಿದ್ದ ಮಕ್ಕಳ ಕತ್ತುಗಳನ್ನು ನೋಡುತ್ತಿದ್ದರು.